ಬಳ್ಳಾಪುರ ಸೀಮೆಯ ವಿಷಸರ್ಪಗಳು: ಗುರುತಿನ ಚರಿತ್ರೆ

1

ದೊಡ್ಡಬಳ್ಳಾಪುರವೆಂಬ ಹೆಸರಿನ ಉತ್ಪತ್ತಿಯನ್ನು ಕುರಿತು ಒಂದು ಐತಿಹ್ಯವುಂಟು. ಹಸುವೊಂದು ಪ್ರತಿದಿನವೂ ಒಂದು ಹುತ್ತದ ಮೇಲೆ ಬಳ್ಳದಷ್ಟು ಹಾಲನ್ನು ಸುರಿಸುತ್ತಿದ್ದುದನ್ನು ಕಂಡು, ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡನು ಅದನ್ನು ಶುಭಸೂಚನೆಯೆಂದು ಬಗೆದು ಅಲ್ಲಿ ಊರನ್ನು ಕಟ್ಟಿಸಿದನೆಂದೂ, ಆ ‘ಬಳ್ಳ’ದಿಂದಲೇ ಬಳ್ಳಾಪುರವೆಂಬ ಹೆಸರು ಬಂದಿತೆಂದೂ ಹೇಳುವರು. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಊರಿನ ಹುಟ್ಟನ್ನೇ ಹುತ್ತದೊಡನೆ ಸೇರಿಸಿ ಹೇಳಿದ ಜನರ ಮನಸ್ಸಿನಲ್ಲಿ ಸರ್ಪಕ್ಕೆ ಎಂಥ ಸ್ಥಾನವಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಹುತ್ತವನ್ನು ಕಟ್ಟುವುದು ಗೆದ್ದಲು. ಅದರಲ್ಲಿ ಹೋಗಿ ಸೇರುವುದು ಹಾವು. ಈ ವಿಷಯವು ರೈತನಿಗೆ ತಿಳಿಯದುದಲ್ಲ. ಆದರೆ ಹುತ್ತದೊಳಗೆ ಇರುವುದು ಯಾವ ಹಾವು ಎಂಬ ಪ್ರಶ್ನೆಗೆ ಉತ್ತರವು ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಈಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಗಿರುವುವು. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಎರಡಾಗಿ ವಿಭಾಗಿಸಿದಾಗ ಈ ಜಿಲ್ಲೆಯು ಏರ್ಪಟ್ಟಿತು. 2007ರಲ್ಲಿ ರಾಮನಗರದ ಕಡೆಯ ತಾಲ್ಲೂಕುಗಳು ಪ್ರತ್ಯೇಕವಾದ ಮೇಲೆ ಈ ನಾಲ್ಕೇ ಉಳಿದುವು. ನಂದಿಬೆಟ್ಟದ ಕಡೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮಾರ್ಗವಾಗಿ ಹರಿಯುವ ಅರ್ಕಾವತಿ, ಹೊಸಕೋಟೆಯ ಕಡೆಯ ದಕ್ಷಿಣ ಪಿನಾಕಿನಿ, ಮಾಕಳಿದುರ್ಗ ಶಿವಗಂಗೆಗಳಂಥ ಬಂಡೆಯ ಬೆಟ್ಟಗಳು, ಕೆರೆಗಳ ಕೆಳಗಣ ಗದ್ದೆತೋಟಗಳು, ಉಳಿದೆಡೆಯಲ್ಲೆಲ್ಲ ಮಳೆಯನ್ನೇ ನಂಬಿದ ರಾಗಿಯ ಹೊಲಗಳು, ಇವು ಸೀಮೆಯ ಸ್ವರೂಪ. ರಾಗಿಯಿರುವಲ್ಲಿ ಇಲಿಯುಂಟು; ಇಲಿಯಿರುವಲ್ಲಿ ಹಾವುಂಟು. ಆದುದರಿಂದ ಇಲ್ಲಿಯ ಜನರಿಗೆ ಹಾವಿನ ಗುರುತು ಕುತೂಹಲದ ವಿಷಯವಾಗಿರದೆ ಪ್ರಾಣದ ವಿಷಯವಾಗಿದ್ದಿತು.

ವಿಷಸರ್ಪವನ್ನು ಗುರುತಿಸುವುದೆಂದರೆ ಎರಡು ಬೇರೆ ಬೇರೆ ಕಾರ್ಯಗಳು. ಕಣ್ಣೆದುರಿಗಿರುವ ಹಾವು ಇಂಥದೆಂದು ನಿರ್ಣಯಿಸುವುದು ಒಂದು. ಕಡಿದ ಹಾವು ಕಾಣದಿರುವಾಗ ಕಡಿತಕ್ಕೆ ಒಳಗಾದವನ ದೇಹದಲ್ಲಿ ತೋರುವ ಚಿಹ್ನೆಗಳಿಂದ ಅದು ಯಾವ ಜಾತಿಯದೆಂದು ಊಹಿಸುವುದು ಇನ್ನೊಂದು. ಪೂಜೆ, ಶಾಸ್ತ್ರ, ಆಡುಮಾತು, ಪಾಶ್ಚಾತ್ಯ ಪ್ರಾಣಿಶಾಸ್ತ್ರ ಇವು ನಾಲ್ಕೂ ಈ ಸೀಮೆಯಲ್ಲಿ ಈ ಎರಡು ಕಾರ್ಯಗಳನ್ನು ಹೇಗೆ ನಡೆಸಿದುವು, ಎಲ್ಲಿ ಸಫಲವಾದುವು, ಎಲ್ಲಿ ತಪ್ಪಿದುವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

2

ಈ ಸೀಮೆಯಲ್ಲಿ ಸರ್ಪಾರಾಧನೆಯ ಮುಖ್ಯ ಕ್ಷೇತ್ರವು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ. ಇಲ್ಲಿಯ ಮೂಲವಿಗ್ರಹವು ಒಂದೇ ಶಿಲೆಯಲ್ಲಿದ್ದು, ಪೂರ್ವಾಭಿಮುಖವಾಗಿ ಏಳು ಹೆಡೆಯ ಸರ್ಪರೂಪಿಯಾದ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖವಾಗಿ ನರಸಿಂಹನೂ ಇರುವರು. ಹಿಂಬದಿಯ ನರಸಿಂಹನ ದರ್ಶನವು ಭಕ್ತರಿಗೆ ಗರ್ಭಗೃಹದಲ್ಲಿಟ್ಟಿರುವ ಕನ್ನಡಿಯ ಮೂಲಕ ಆಗುತ್ತದೆ. ಗರುಡನ ಬಾಧೆಯಿಂದ ಸರ್ಪಕುಲವನ್ನು ಕಾಪಾಡುವುದಕ್ಕಾಗಿ ನರಸಿಂಹನು ಇಲ್ಲಿ ನೆಲಸಿದನೆಂದು ಸ್ಥಳದ ಐತಿಹ್ಯವು ಹೇಳುತ್ತದೆ. ಪುಷ್ಯಮಾಸದಲ್ಲಿ ಬ್ರಹ್ಮರಥೋತ್ಸವವೂ ದನಗಳ ದೊಡ್ಡ ಜಾತ್ರೆಯೂ ನಡೆಯುವುವು. ಸಂತಾನವನ್ನು ಬಯಸಿದವರು ಹರಕೆ ಹೊತ್ತು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಕ್ಷೇತ್ರದಲ್ಲಿ ಸಾಲುಸಾಲಾಗಿ ನಿಂತಿರುವುವು.

ಈ ಕಲ್ಲುಗಳ ಶಿಲ್ಪವನ್ನು ಪ್ರಾಣಿಯ ಗುರುತಿನ ದೃಷ್ಟಿಯಿಂದ ನೋಡಿದರೆ ಒಂದು ಅಂಶವು ಸ್ಪಷ್ಟವಾಗುತ್ತದೆ. ಒಂದು ಹೆಡೆಯದಿರಲಿ, ಐದು ಅಥವಾ ಏಳು ಹೆಡೆಯದಿರಲಿ, ಹೆಣೆದುಕೊಂಡ ಜೋಡಿಯಿರಲಿ, ಕೆತ್ತಿರುವುದು ನಾಗರವನ್ನೇ. ಹೆಡೆಯೇ ಅದರ ಲಕ್ಷಣ. ಊರ ಮುಂದಣ ಅಶ್ವತ್ಥಕಟ್ಟೆಯ ಮೇಲೆ ಮಂಡಲದ ಹಾವಿನ ಕಲ್ಲಾಗಲಿ ಕಟ್ಟುಹಾವಿನ ಕಲ್ಲಾಗಲಿ ಇರುವುದಿಲ್ಲ. ಪೂಜೆಯು ಒಂದು ಜಾತಿಯ ವಿಷಸರ್ಪವನ್ನು ಮಗುವಿಗೂ ಪರಿಚಯವಾಗುವಂತೆ ಮಾಡಿತು. ಸತ್ತ ನಾಗರಕ್ಕೆ ಸಂಸ್ಕಾರ ಮಾಡುವ ವಾಡಿಕೆಯೂ ಹುತ್ತವನ್ನು ಅಗೆಯಬಾರದೆಂಬ ನಿಷೇಧವೂ ಆ ಒಂದು ಜಾತಿಗೆ ರಕ್ಷಣೆಯನ್ನು ಒದಗಿಸಿದುವು. ಆದರೆ ಇದೇ ಪೂಜೆಯಿಂದ ವಿಷವೆಂದರೆ ಹೆಡೆ, ಹೆಡೆಯಿಲ್ಲದುದಕ್ಕೆ ಅಷ್ಟು ವಿಷವಿಲ್ಲ ಎಂಬ ಭಾವನೆಯೂ ಬೆಳೆಯಲು ಅವಕಾಶವಾಯಿತು. ನಾಗರವೇ ಆದರೂ ಅದು ಹೆದರಿ ಎದ್ದು ನಿಂತಾಗ ಮಾತ್ರ ಹೆಡೆಯು ಕಾಣುತ್ತದೆ. ಹರಿದುಹೋಗುವಾಗ ಕುತ್ತಿಗೆಯು ಸಪೂರವಾಗಿದ್ದು ಕೇರೆಹಾವೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಹೆಡೆಯ ಹಿಂದಣ ಕನ್ನಡಕದಂಥ ಗುರುತು ಕೂಡ ಎಲ್ಲ ನಾಗರಗಳಲ್ಲಿಯೂ ಸ್ಪಷ್ಟವಾಗಿರುವುದಿಲ್ಲ. ಹೀಗೆ ಪೂಜೆಯು ಕೊಟ್ಟ ಗುರುತು ನಿಜವಾದುದಾದರೂ ಅಪೂರ್ಣವಾದುದು.

3

ಪೂಜೆಯು ಒಂದನ್ನು ಮಾತ್ರ ಗುರುತಿಸಿದರೆ ವೈದ್ಯಶಾಸ್ತ್ರವು ಎಲ್ಲವನ್ನೂ ವಿಭಾಗಿಸಲು ಯತ್ನಿಸಿತು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಭೂಮಿಯ ಮೇಲಣ ಸರ್ಪಗಳು 80 ಬಗೆಯೆಂದೂ, ಅವು ದರ್ವೀಕರ, ಮಂಡಲಿ, ರಾಜಿಮಂತ, ನಿರ್ವಿಷ, ವೈಕರಂಜ ಎಂದು ಐದು ವರ್ಗಗಳೆಂದೂ ಹೇಳಿದೆ. ದರ್ವಿಯೆಂದರೆ ಸೌಟು; ಸೌಟಿನಂತೆ ಹೆಡೆಯುಳ್ಳವು ದರ್ವೀಕರಗಳು. ದೇಹದ ಮೇಲೆ ಬಗೆಬಗೆಯ ಮಂಡಲಗಳುಳ್ಳವು, ದಪ್ಪನಾಗಿ ಮೆಲ್ಲಗೆ ಚಲಿಸುವವು, ಮಂಡಲಿಗಳು. ನುಣುಪಾಗಿ ಹೊಳೆಯುತ್ತ ಅಡ್ಡಲಾಗಿಯೂ ಉದ್ದವಾಗಿಯೂ ರೇಖೆಗಳಿಂದ ಚಿತ್ರಿತವಾದಂತೆ ತೋರುವವು ರಾಜಿಮಂತಗಳು. ವೈಕರಂಜಗಳೆಂದರೆ ಜಾತಿಸಂಕರದಿಂದ ಹುಟ್ಟಿದವು. ಇದಲ್ಲದೆ ಅವುಗಳ ಸಂಚಾರಕಾಲವೂ ಹೇಳಲ್ಪಟ್ಟಿದೆ: ದರ್ವೀಕರಗಳು ಹಗಲಿನಲ್ಲಿ, ರಾಜಿಮಂತಗಳು ಇರುಳಿನ ಕಡೆಯ ಯಾಮದಲ್ಲಿ, ಮಂಡಲಿಗಳು ಇರುಳಿನ ಉಳಿದ ಯಾಮಗಳಲ್ಲಿ ತಿರುಗುವುವು.

ಇಲ್ಲಿಯ ದರ್ವೀಕರವು ನಾಗರವೆಂಬುದರಲ್ಲಿ ಸಂದೇಹವಿಲ್ಲ. ಮಂಡಲಿಯ ವಿಷದಿಂದ ಉರಿ, ಬಾವು, ಮಾಂಸವು ಕೊಳೆತು ಬೀಳುವುದು, ಮೇಲುಮಾರ್ಗ ಕೆಳಮಾರ್ಗಗಳೆರಡರಿಂದಲೂ ರಕ್ತಸ್ರಾವ ಇವು ಉಂಟಾಗುವುವೆಂದು ಹೇಳಿರುವುದರಿಂದ ಅದು ಮಂಡಲದ ಹಾವಿನ ವರ್ಗವೆಂಬುದೂ ನಿಶ್ಚಿತವಾಗಿದೆ. ರಾಜಿಮಂತದ ವಿಷಯದಲ್ಲಿ ಮಾತ್ರ ಎಚ್ಚರಿಕೆಯು ಅವಶ್ಯಕ. ಹೊಳಪು, ಅಡ್ಡರೇಖೆ, ಅಪರರಾತ್ರಿಯ ಸಂಚಾರ ಮತ್ತು ಉಸಿರಾಟವು ನಿರೋಧವಾಗುವುದೆಂಬ ಲಕ್ಷಣ ಇವು ಕಟ್ಟುಹಾವಿಗೆ ಚೆನ್ನಾಗಿ ಒಪ್ಪುವುವು. ಆದರೆ ಕಡಿದ ಸ್ಥಳದಲ್ಲಿ ಬಾವು ಉಂಟಾಗುವುದೆಂದು ಸುಶ್ರುತನು ಹೇಳಿರುವುದು ಅದಕ್ಕೆ ಒಪ್ಪದು. ಕಟ್ಟುಹಾವಿನ ಕಡಿತದಲ್ಲಿ ಸಾಮಾನ್ಯವಾಗಿ ಬಾವಾಗಲಿ ನೋವಾಗಲಿ ಇರುವುದಿಲ್ಲ. ಆದುದರಿಂದ ರಾಜಿಮಂತವೆಂಬುದು ಒಂದೇ ಜಾತಿಯ ಹೆಸರಾಗಿರದೆ, ಪಟ್ಟೆಗಳುಳ್ಳ ಹಲವು ಹಾವುಗಳನ್ನು ಒಟ್ಟುಗೂಡಿಸಿದ ವರ್ಗವೆಂದು ತಿಳಿಯುವುದು ಯುಕ್ತ. ಹೊರರೂಪದಿಂದ ಮಾಡಿದ ವಿಭಾಗಕ್ಕೂ ವಾತ ಪಿತ್ತ ಕಫಗಳೆಂಬ ಮೂರು ದೋಷಗಳಿಗೂ ಒಂದಕ್ಕೊಂದನ್ನು ಹೊಂದಿಸಲು ಹೊರಟುದರಿಂದ ಈ ತೊಡಕು ಒದಗಿರಬಹುದು.

ಈ ವಿಭಾಗವು ಕೇವಲ ಪಾಂಡಿತ್ಯದ್ದಾಗಿರಲಿಲ್ಲ; ಚಿಕಿತ್ಸೆಯು ಅದನ್ನು ಅವಲಂಬಿಸಿದ್ದಿತು. ಕಡಿದ ಸ್ಥಳವನ್ನು ಸುಡುವುದು ಆ ಕಾಲದ ಚಿಕಿತ್ಸೆಗಳಲ್ಲೊಂದು. ಆದರೆ ಮಂಡಲಿಯ ಕಡಿತವನ್ನು ಮಾತ್ರ ಸುಡಬಾರದೆಂದು ಸಂಹಿತೆಯು ನಿಷೇಧಿಸುತ್ತದೆ. ಹಾವನ್ನು ಕಾಣದ ವೈದ್ಯನು ರೋಗಿಯ ಮೈಯನ್ನು ನೋಡಿಯೇ ಜಾತಿಯನ್ನು ನಿರ್ಣಯಿಸಬೇಕಾಗಿದ್ದಿತು. ಕಡಿತದಿಂದ ಹಾವನ್ನು ಅರಿಯುವ ಕ್ರಮವು ಇಷ್ಟು ಪ್ರಾಚೀನವಾದುದು.

ಕನ್ನಡದಲ್ಲಿ ಈ ವಿದ್ಯೆಯನ್ನು ಗ್ರಂಥರೂಪಕ್ಕೆ ತಂದವರಲ್ಲಿ ಮುಖ್ಯನಾದವನು ಜೈನಕವಿಯಾದ ಮೊದಲನೆಯ ಮಂಗರಾಜ. ವಿಜಯನಗರದ ಆರಂಭಕಾಲದಲ್ಲಿ, ಸುಮಾರು 1360ರಲ್ಲಿ, ಇದ್ದ ಈತನ ‘ಖಗೇಂದ್ರಮಣಿದರ್ಪಣ’ವು ಸ್ಥಾವರ ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಪದ್ಯದಲ್ಲಿ ನಿರೂಪಿಸುವ ವೈದ್ಯಗ್ರಂಥ. ಖಗೇಂದ್ರನೆಂದರೆ ಗರುಡ, ವಿಷವಿದ್ಯೆಗೆ ಗಾರುಡವೆಂಬ ಹೆಸರು ಬಂದುದೂ ಆತನಿಂದಲೇ. ಇದೇ ಮಾತಿನಿಂದ ಹುಟ್ಟಿದ ‘ಗಾರುಡಿಗ’ ಎಂಬ ಶಬ್ದವು ಕಾಲಕ್ರಮದಲ್ಲಿ ವಿಷವೈದ್ಯನೆಂಬ ಅರ್ಥದಿಂದ ಜಾರಿ, ಹಾವಾಡಿಸುವವನು, ಕಣ್ಕಟ್ಟಿನ ಆಟದವನು ಎಂಬ ಅರ್ಥಕ್ಕೆ ಇಳಿಯಿತು. ಒಂದು ಶಾಸ್ತ್ರದ ಅವನತಿಯು ಒಂದು ಶಬ್ದದ ಅರ್ಥಾಂತರದಲ್ಲಿಯೇ ದಾಖಲಾಗಿದೆ. ಶಾಸ್ತ್ರದ ವಿಭಾಗಗಳು ಓಲೆಯಲ್ಲಿ ಉಳಿದುವು. ಹಳ್ಳಿಯಲ್ಲಿ ಉಳಿದುದು ಮಂತ್ರ, ಬೇರು, ತಾಯಿತ.

4

ಹೀಗಿದ್ದರೂ ಆಡುಮಾತಿನಲ್ಲಿ ಗುರುತಿನ ಜ್ಞಾನವು ಸಂಪೂರ್ಣವಾಗಿ ನಷ್ಟವಾಗಲಿಲ್ಲವೆಂಬುದಕ್ಕೆ ಹಾವುಗಳ ಹೆಸರುಗಳೇ ಸಾಕ್ಷಿ. ಹಳಗನ್ನಡದ ‘ಪಾವು’ ಹೊಸಗನ್ನಡದಲ್ಲಿ ‘ಹಾವು’ ಆಯಿತು. ತೆಲುಗಿನ ‘ಪಾಮು’, ತಮಿಳಿನ ‘ಪಾಂಬು’ ಇದರ ಜ್ಞಾತಿಗಳು. ಕನ್ನಡದ ‘ಕೇರೆ’ಗೆ ತಮಿಳಿನ ‘ಸಾರೈ’ ಜ್ಞಾತಿಶಬ್ದ. ‘ಮಂಡಲದ ಹಾವು’, ‘ಕೊಳಕುಮಂಡಲ’ ಎಂಬ ಹೆಸರುಗಳಲ್ಲಿ ಶಾಸ್ತ್ರದ ‘ಮಂಡಲಿ’ಯು ಹಾಗೆಯೇ ನಿಂತಿದೆ; ಕಡಿದ ಜಾಗವು ಕೊಳೆಯುವುದೆಂಬ ಅನುಭವವು ಎರಡನೆಯ ಹೆಸರಿನ ‘ಕೊಳಕು’ ಎಂಬ ಮಾತಿನಲ್ಲಿ ಅಡಗಿರಬಹುದು. ಮೈಮೇಲಣ ಕಟ್ಟುಗಳಿಂದ ‘ಕಟ್ಟುಹಾವು’. ಇದಕ್ಕೆ ‘ಕಡಂಬಳ’ವೆಂಬ ಹೆಸರೂ ಉಂಟು. ಹುರುಪೆಗಳು ಗರಗಸದಂತಿರುವುದರಿಂದ ‘ಗರಗಸಮಂಡಲ’.

ಆದರೆ ಈ ಸೀಮೆಯ ಊರುಗಳಲ್ಲಿ ಕನ್ನಡದ ಜೊತೆಗೆ ತೆಲುಗನ್ನೂ ಕೆಲವೆಡೆ ತಮಿಳನ್ನೂ ಮನೆಮಾತಾಗಿ ಉಳ್ಳವರು ಬಹುಮಂದಿ. ಆದುದರಿಂದ ಒಂದೇ ಹಾವಿಗೆ ಒಂದೇ ಊರಿನಲ್ಲಿ ಎರಡು ಮೂರು ಹೆಸರುಗಳು ನಡೆಯುವುವು. ಮಂಡಲದ ಹಾವು ತೆಲುಗಿನವರಿಗೆ ‘ರಕ್ತಪಿಂಜರ’, ತಮಿಳಿನವರಿಗೆ ‘ಕಣ್ಣಾಡಿವಿರಿಯನ್’. ಕಟ್ಟುಹಾವು ‘ಕಟ್ಲಪಾಮು’, ‘ಕಟ್ಟುವಿರಿಯನ್’. ಈ ಹೆಸರುಗಳನ್ನು ಹೋಲಿಸಿದರೆ ಪ್ರತಿಯೊಂದು ಭಾಷೆಯೂ ಒಂದೊಂದು ಲಕ್ಷಣವನ್ನು ಆರಿಸಿಕೊಂಡುದು ಕಾಣುತ್ತದೆ: ಒಂದು ಮೈಯ ಚಿತ್ರವನ್ನು, ಇನ್ನೊಂದು ವಿಷದ ಪರಿಣಾಮವನ್ನು. ‘ರಕ್ತಪಿಂಜರ’ವೆಂದ ಜನರು ಆ ಹಾವು ರಕ್ತವನ್ನು ಕೆಡಿಸುವುದನ್ನು ಕಣ್ಣಾರೆ ಕಂಡವರಾಗಿರಬೇಕು.

ಇಷ್ಟು ಸೂಕ್ಷ್ಮವಾದ ಹೆಸರುಗಳಿದ್ದರೂ ಅವು ಅವಶ್ಯಕವಾದ ಹೊತ್ತಿನಲ್ಲಿಯೇ ಬಳಕೆಗೆ ಬಾರದಿರುವುದು ಗಮನಿಸತಕ್ಕ ಅಂಶ. ಇರುಳಿನಲ್ಲಿ ಹಾವಿನ ಹೆಸರನ್ನು ಎತ್ತಬಾರದೆಂಬ ನಂಬಿಕೆಯಿಂದ ಕನ್ನಡಿಗರು ‘ಹುಳ ಮುಟ್ಟಿತು’ ಎನ್ನುವರು. ತೆಲುಗಿನವರು ‘ಪುರುಗು’ ಎನ್ನುವರು. ತಮಿಳಿನವರು ‘ಪೂಚ್ಚಿ’ ಎನ್ನುವರು. ಮೂರು ಮಾತಿಗೂ ಅರ್ಥ ಒಂದೇ. ಭಯಭಕ್ತಿಗಳಿಂದ ಹುಟ್ಟಿದ ಈ ಮರೆಮಾತು ಚೇಳು, ಜರಿ, ನಾಗರ, ಕಟ್ಟುಹಾವುಗಳೆಲ್ಲವನ್ನೂ ಒಂದೇ ಹೆಸರಿನೊಳಗೆ ಅಡಗಿಸಿಬಿಡುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ‘ಹುಳ’ವೆಂದು ಹೇಳಿದರೆ ಅದರಿಂದ ವೈದ್ಯನಿಗೆ ತಿಳಿಯುವುದು ಅತ್ಯಲ್ಪ.

5

ಹಾವನ್ನೇ ಕೈಯಲ್ಲಿ ಹಿಡಿದು, ಅಳೆದು, ಚಿತ್ರಿಸಿ ಗುರುತಿಸುವ ಕ್ರಮವು ದಕ್ಷಿಣ ಹಿಂದೂಸ್ಥಾನದಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಇದನ್ನು ಪ್ರವರ್ತಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ವಿಶಾಖಪಟ್ಟಣದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್. ವಿಷವುಳ್ಳ ಹಾವುಗಳನ್ನು ನಿರ್ವಿಷವಾದವುಗಳಿಂದ ಬೇರ್ಪಡಿಸಿ ಜನರಿಗೆ ತಿಳಿಸಬೇಕೆಂಬುದು ಆತನ ಉದ್ದೇಶ. ಕೋರಮಂಡಲ ತೀರದಲ್ಲಿ ಸಂಗ್ರಹಿಸಿದ ಸರ್ಪಗಳನ್ನು ಕುರಿತ ಆತನ ಗ್ರಂಥವು ಬಣ್ಣದ ಚಿತ್ರಗಳೊಡನೆ 1796ರಲ್ಲಿ ಪ್ರಕಟವಾಯಿತು. ಹೆಸರುಗಳಿಗಾಗಿ ರಸೆಲನು ಸ್ಥಳೀಯರನ್ನೇ ಆಶ್ರಯಿಸಿದನು. ಮಂಡಲದ ಹಾವನ್ನು ‘ಕಾಟುಕ ರೇಕುಲ ಪೊಡ’ ಎಂಬ ತೆಲುಗು ಹೆಸರಿನಿಂದಲೇ ಚಿತ್ರಿಸಿದನು. ಪಟ್ಟೆಯ ಇನ್ನೊಂದು ಹಾವಿಗೆ ಕೇಳಿ ಬರೆದುಕೊಂಡ ‘ಬಂಗಾರು ಪಾಮು’ ಎಂಬ ಮಾತಿನಿಂದ ಕಟ್ಟುಹಾವಿನ ಕುಲಕ್ಕೆಲ್ಲ ಬುಂಗಾರುಸ್ ಎಂಬ ಶಾಸ್ತ್ರೀಯ ನಾಮವು ಏರ್ಪಟ್ಟಿತು. ಮಂಡಲದ ಹಾವಿನ ಶಾಸ್ತ್ರೀಯ ನಾಮದಲ್ಲಿ ರಸೆಲನ ಹೆಸರೇ ಸೇರಿಕೊಂಡಿತು. ತೆಲುಗು ಬೇಟೆಗಾರರ ಬಾಯಿಂದ ಬಂದ ಮಾತೊಂದು ಹೀಗೆ ಲೋಕದ ಪ್ರಾಣಿಶಾಸ್ತ್ರದಲ್ಲಿ ನೆಲೆಗೊಂಡುದು ಭಾಷಾಚರಿತ್ರಕಾರರು ನೆನೆಯತಕ್ಕ ಸಂಗತಿ.

ಆಮೇಲೆ 1872ರಲ್ಲಿ ಜೋಸೆಫ್ ಫೇರರನು ಹಿಂದೂಸ್ಥಾನದ ವಿಷಸರ್ಪಗಳನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಅದೇ ಶತಮಾನದಲ್ಲಿ ಬ್ರಿಟಿಷ್ ಪ್ರಾಂತಗಳಲ್ಲಿ ಕೊಂದು ತಂದ ವಿಷಸರ್ಪಗಳಿಗೆ ಬಹುಮಾನ ಕೊಡುವ ಪದ್ಧತಿಯೂ ನಡೆಯಿತು. ಬಹುಮಾನವನ್ನು ಕೊಡಬೇಕಾದರೆ ತಂದ ಹಾವು ವಿಷದ್ದೇ ಎಂದು ಅಧಿಕಾರಿಯು ನಿರ್ಣಯಿಸಬೇಕು. ಆಡಳಿತದ ಕೆಲಸಕ್ಕೂ ಹೀಗೆ ಗುರುತು ಅವಶ್ಯವಾಯಿತು.

ಈ ಅವಶ್ಯಕತೆಗೆ ಅತ್ಯಂತ ಸಮರ್ಪಕವಾದ ಉತ್ತರವನ್ನು ಕೊಟ್ಟವನು ಸೇನಾವೈದ್ಯನಾದ ಫ್ರಾಂಕ್ ವಾಲ್. 1883ರಲ್ಲಿ ಸ್ಥಾಪಿತವಾದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಆಶ್ರಯದಲ್ಲಿ 1907ರಲ್ಲಿ ಹೊರಬಂದ ಆತನ ಕೈಪಿಡಿಯು ಬಣ್ಣವನ್ನು ನಂಬಬೇಡಿರಿ, ಹುರುಪೆಗಳನ್ನು ನೋಡಿರಿ ಎಂಬ ತತ್ತ್ವದ ಮೇಲೆ ನಿಂತಿತು. ಹೊಟ್ಟೆಯ ಅಡ್ಡಹುರುಪೆಗಳು ಹೊಟ್ಟೆಯ ಪೂರ್ಣ ಅಗಲಕ್ಕೆ ಹರಡದಿದ್ದರೆ ನೆಲದ ಹಾವು ನಿರ್ವಿಷ. ಹರಡಿದ್ದು, ತಲೆಯ ಮೇಲೆ ಸಣ್ಣ ಹುರುಪೆಗಳೇ ತುಂಬಿದ್ದರೆ ಅದು ಮಂಡಲದ ವರ್ಗ. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡದಾಗಿ ಆರು ಮೂಲೆಯುಳ್ಳವಾಗಿದ್ದು, ಕೆಳತುಟಿಯ ಪ್ರತಿ ಪಾರ್ಶ್ವದ ನಾಲ್ಕು ಹುರುಪೆಗಳಲ್ಲಿ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದಾಗಿದ್ದರೆ ಕಟ್ಟುಹಾವು. ಮೇಲ್ತುಟಿಯ ಮೂರನೆಯ ಹುರುಪೆಯು ಒಂದು ಕಡೆ ಕಣ್ಣನ್ನೂ ಇನ್ನೊಂದು ಕಡೆ ಮೂಗಿನ ಹುರುಪೆಯನ್ನೂ ಮುಟ್ಟಿದ್ದರೆ ನಾಗರ ಅಥವಾ ಅದರ ಬಂಧುವರ್ಗ. ಪಾಮರನೂ ಅನುಸರಿಸಬಹುದಾದ ಈ ಕ್ರಮವು ಅಂದಿಗೆ ಮಹೋಪಕಾರಕವಾಗಿದ್ದಿತು; ಇಂದಿಗೂ ಅದರಲ್ಲಿ ದೋಷವಿಲ್ಲ. ಆದರೆ ಅದರ ಮಿತಿಯು ಅದರೊಳಗೇ ಇರುವುದು. ಕೆಳತುಟಿಯ ಹುರುಪೆಯನ್ನು ಎಣಿಸಬೇಕಾದರೆ ಹಾವು ಸತ್ತಿರಬೇಕು. ಸತ್ತ ಹಾವು ಸಿಕ್ಕಬೇಕಾದರೆ ಕಡಿಸಿಕೊಂಡವನೋ ಅವನ ಬಂಧುವೋ ಅದನ್ನು ಅಟ್ಟಿಸಿ ಕೊಲ್ಲಬೇಕು. ಅದರಲ್ಲಿ ಹೊತ್ತು ಕಳೆಯುವುದಲ್ಲದೆ ಎರಡನೆಯವನಿಗೂ ಕಡಿತವಾಗುವ ಸಂಭವವುಂಟು.

6

ಮೇಲ್ಕಂಡ ಕ್ರಮಗಳನ್ನು ಈ ಸೀಮೆಯ ನೆಲಕ್ಕೆ ಅನ್ವಯಿಸಿ ನೋಡಿದರೆ ಮನುಷ್ಯನ ಪ್ರಾಣಕ್ಕೆ ವಿಶೇಷವಾಗಿ ಅಪಾಯವನ್ನು ತರುವ ಹಾವುಗಳು ನಾಲ್ಕು. ಪ್ರತಿಯೊಂದಕ್ಕೂ ಅದನ್ನು ಹೋಲುವ ನಿರುಪದ್ರವಿಯಾದ ಅಥವಾ ಅಲ್ಪವಿಷದ ಹಾವೊಂದು ಉಂಟು. ತಪ್ಪುಗಳು ಹುಟ್ಟುವುದು ಈ ಹೋಲಿಕೆಯಿಂದಲೇ.

ನಾಗರವು ಹುತ್ತ, ಇಲಿಬಿಲ, ಕಲ್ಲುಕಟ್ಟೆ, ಗದ್ದೆಯ ಬದು, ಹಳೆಯ ಗೋಡೆಗಳಲ್ಲಿ ಸೇರಿಕೊಳ್ಳುವುದು. ಇದರ ಭ್ರಾಂತಿಯನ್ನು ಹುಟ್ಟಿಸುವುದು ಕೇರೆ. ಕೇರೆಯ ತುಟಿಯ ಮೇಲೆ ಕಪ್ಪು ಗೆರೆಗಳಿರುವುವು, ಕಣ್ಣು ದೊಡ್ಡದು, ಓಟವು ವೇಗವಾದುದು. ನಾಗರಕ್ಕೂ ಕೇರೆಗೂ ಸಂಗವಾಗುವುದೆಂಬ ನಂಬಿಕೆಯು ಹಳ್ಳಿಗಳಲ್ಲಿ ಪ್ರಚಾರದಲ್ಲಿದ್ದರೂ ಅದಕ್ಕೆ ಆಧಾರವಿಲ್ಲ. ಇಲಿಗಳನ್ನು ತಿಂದು ರೈತನ ಕಣಜವನ್ನು ಕಾಯುವ ಕೇರೆಯು ಈ ನಂಬಿಕೆಯಿಂದ ಅನ್ಯಾಯವಾಗಿ ಕೊಲ್ಲಲ್ಪಡುವುದು.

ಮಂಡಲದ ಹಾವು ರಾಗಿಯ ಹೊಲ, ಹುಲ್ಲುಗಾವಲು, ಕತ್ತಾಳೆ ಕಳ್ಳಿಗಳ ಬೇಲಿ, ಒಣಗಿದ ಎಲೆಯ ರಾಶಿಗಳಲ್ಲಿ ಇರುವುದು. ಬೆನ್ನಿನ ಮೇಲೆ ಸರಪಣಿಯಂತೆ ಮೂರು ಸಾಲು ದುಂಡು ಮಚ್ಚೆಗಳು. ತಲೆಯು ಮುಕ್ಕೋಣವಾಗಿ ಕುತ್ತಿಗೆಯಿಂದ ಬೇರೆಯಾಗಿ ತೋರುವುದು. ಬುಸುಗುಟ್ಟುವ ಸದ್ದು ಕಮ್ಮಾರನ ತಿದಿಯಂತೆ ದೊಡ್ಡದು. ಇದು ಮೊಟ್ಟೆಯಿಡದೆ ಮರಿಗಳನ್ನೇ ಈಯುವುದು. ಕೊಯ್ಲಿನ ಕಾಲದಲ್ಲಿ ಕುಡುಗೋಲು ಹಿಡಿದು ಬಗ್ಗಿದ ಕೂಲಿಯವರ ಕೈಗೂ ಕಾಲಿಗೂ ಕಡಿತವಾಗುವುದು ಬಹುಮಟ್ಟಿಗೆ ಇದರಿಂದ. ಇದನ್ನು ಮಣ್ಣುಮುಕ್ಕ ಹಾವೆಂದೋ ಹೆಬ್ಬಾವಿನ ಮರಿಯೆಂದೋ ತಿಳಿದು ಕೈಯಿಂದ ಮುಟ್ಟುವವರುಂಟು. ಮಣ್ಣುಮುಕ್ಕದ ಮಚ್ಚೆಗಳು ಅಂಕುಡೊಂಕಾಗಿ ಒಂದರೊಳಗೊಂದು ಸೇರಿರುವುವು; ಬಾಲವು ಮೊಂಡಾಗಿರುವುದು.

ಗರಗಸಮಂಡಲವು ಒಂದೂವರೆ ಅಡಿಯ ಸಣ್ಣ ಹಾವು. ಒಣಗಿದ ಕುರುಚಲು, ಬಂಡೆಯ ಸಂದು, ಕಲ್ಲುರಾಶಿಗಳು ಅದಕ್ಕೆ ಪ್ರಿಯವಾದ ಸ್ಥಳಗಳು. ಕೆಣಕಿದರೆ ಮೈಯನ್ನು ಮಡಿಕೆಮಡಿಕೆಯಾಗಿ ಸುತ್ತಿ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂಥ ಸದ್ದನ್ನು ಮಾಡುವುದು. ಗಾತ್ರವನ್ನು ನೋಡಿ ಇದನ್ನು ಅಲಕ್ಷಿಸುವುದು ಅಪಾಯಕರ. ಬೆಕ್ಕಿನ ಕಣ್ಣಿನಂಥ ಕಣ್ಣುಳ್ಳ, ಮನುಷ್ಯನಿಗೆ ಅಪಾಯವಿಲ್ಲದ ಸಪೂರವಾದ ಹಾವೊಂದು ಬಣ್ಣದಲ್ಲಿ ಇದನ್ನು ಹೋಲುವುದು.

ಕಟ್ಟುಹಾವಿನ ವಿಷಯವು ಉಳಿದ ಮೂರಕ್ಕಿಂತ ಗಂಭೀರವಾದುದು. ಕಪ್ಪಾಗಿ ಹೊಳೆಯುವ ಮೈಮೇಲೆ ತೆಳುವಾದ ಬಿಳಿಯ ಕಟ್ಟುಗಳು ಅನೇಕವೇಳೆ ಜೋಡಿಜೋಡಿಯಾಗಿರುವುವು. ಹಗಲಿನಲ್ಲಿ ಇಟ್ಟಿಗೆ, ಸೌದೆ, ಕಲ್ಲುಗಳ ರಾಶಿಯಲ್ಲಿ ಮಂಕಾಗಿ ಬಿದ್ದಿರುವುದು. ಇರುಳಿನಲ್ಲಿ ಆಹಾರವನ್ನು ಹುಡುಕುತ್ತ ಮನೆಯೊಳಕ್ಕೂ ಬರುವುದು. ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ನಿದ್ರೆಯಲ್ಲಿ ಹೊರಳಿದಾಗ ಕಡಿಯುವುದು. ನೋವಿಲ್ಲದಿರುವುದರಿಂದ ಎಷ್ಟೋ ಮಂದಿ ಏಳುವುದೇ ಇಲ್ಲ, ಎದ್ದರೂ ಸೊಳ್ಳೆಯೋ ಇರುವೆಯೋ ಎಂದು ಮತ್ತೆ ಮಲಗುವರು. ಬೆಳಗಿನ ಜಾವದಲ್ಲಿ ಹೊಟ್ಟೆನೋವು, ವಾಂತಿ, ಕಣ್ಣರೆಪ್ಪೆ ಜೋಲುವುದು, ಮಾತು ತೊದಲುವುದು, ಆಮೇಲೆ ಉಸಿರಾಟವೇ ನಿಲ್ಲುವುದು. ಇದನ್ನು ಹೋಲುವುದು ಗೋಡೆಯನ್ನು ಹತ್ತಿ ಹಲ್ಲಿಗಳನ್ನು ಹಿಡಿಯುವ ನಿರ್ವಿಷವಾದ ತೋಳದ ಹಾವು. ತೋಳದ ಹಾವಿನ ಪಟ್ಟೆಗಳು ಕುತ್ತಿಗೆಯ ಬಳಿಯಲ್ಲಿಯೇ ಆರಂಭವಾಗಿ ಬಾಲದ ಕಡೆಗೆ ಮಾಸಿಹೋಗುವುವು. ಕಟ್ಟುಹಾವಿನವು ತಲೆಯಿಂದ ಸ್ವಲ್ಪ ಹಿಂದೆ ಆರಂಭವಾಗಿ ಬಾಲದ ಕಡೆಗೆ ಸ್ಪಷ್ಟವಾಗುವುವು. ಈ ಒಂದು ಭೇದವನ್ನು ಅರಿಯದೆ ಕಟ್ಟುಹಾವನ್ನು ‘ಇದೇನೂ ಮಾಡದು’ ಎಂದು ಬಿಟ್ಟರೆ ಪ್ರಾಣಹಾನಿ. ತೋಳದ ಹಾವು ಕಡಿದವನನ್ನು ಬೇರುಮದ್ದಿನವನು ಬದುಕಿಸಿದರೆ ಆ ಮದ್ದಿಗೆ ಸಲ್ಲದ ಕೀರ್ತಿ.

ಇಲ್ಲಿ ಹಿಂದೆ ಹೇಳಿದ ಮೂರು ಸಂಗತಿಗಳು ಒಟ್ಟುಗೂಡುವುವು. ಕಟ್ಟುಹಾವಿಗೆ ಹೆಡೆಯಿಲ್ಲದುದರಿಂದ ಪೂಜೆಯಲ್ಲಿ ಸ್ಥಾನವಿಲ್ಲ. ಶಾಸ್ತ್ರದಲ್ಲಿ ಅದರ ಲಕ್ಷಣವು ಬೇರೆಯವುಗಳೊಡನೆ ಬೆರೆತಿದೆ. ಆಡುಮಾತಿನಲ್ಲಿ ಹೆಸರಿದ್ದರೂ ಇರುಳಿನಲ್ಲಿ ಅದು ‘ಹುಳ’. ಕಡಿತದ ಗುರುತನ್ನೂ ಬಿಡದ, ಕತ್ತಲೆಯಲ್ಲಿ ಕಾಣದ ಈ ಹಾವು ಎಲ್ಲ ಗುರುತುಗಳ ಬಲೆಯಿಂದಲೂ ನುಣುಚಿಕೊಂಡಿತು.

7

ವಿಷದ ಪ್ರತೀಕಾರದಲ್ಲಿ ಹೊಸ ಯುಗವು 1895ರ ಸುಮಾರಿಗೆ ಆರಂಭವಾಯಿತು. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟನು ಪ್ರಾಣಿಗಳಿಗೆ ನಾಗರದ ವಿಷವನ್ನು ಅಲ್ಪಪ್ರಮಾಣದಲ್ಲಿ ಕೊಡುತ್ತ ಬಂದು ಅವುಗಳ ರಕ್ತದಿಂದ ಪ್ರತಿವಿಷವನ್ನು ಸಿದ್ಧಪಡಿಸಿದನು. ಆದರೆ ನಾಗರದ ಪ್ರತಿವಿಷವು ಮಂಡಲದ ಹಾವಿನ ವಿಷಕ್ಕೆ ನಾಟದೆಂದು ಬೇಗನೆ ಗೊತ್ತಾಯಿತು. ಆಗ ಹಾವಿನ ಜಾತಿಯನ್ನು ಅರಿಯುವುದು ಹಿಂದೆಂದಿಗಿಂತಲೂ ಅವಶ್ಯಕವಾಯಿತು. ಈ ತೊಡಕನ್ನು ನಿವಾರಿಸಲು ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಒಟ್ಟಿಗೆ ಸಲ್ಲುವ ಮದ್ದು ಭಾರತದಲ್ಲಿ ಸಿದ್ಧವಾಯಿತು. ಇಂದು ಆಸ್ಪತ್ರೆಗಳಲ್ಲಿ ದೊರೆಯುವುದು ಇದೇ. ಇದಕ್ಕೆ ಬೇಕಾದ ವಿಷವನ್ನು ಬಹುಮಟ್ಟಿಗೆ ಒದಗಿಸುತ್ತಿರುವುದು ಚೆನ್ನೈ ಬಳಿಯಲ್ಲಿ 1978ರಲ್ಲಿ ಸ್ಥಾಪಿತವಾದ ಇರುಳರ ಹಾವುಹಿಡಿಯುವವರ ಸಹಕಾರ ಸಂಘ. ಹೆಜ್ಜೆಯಿಲ್ಲದ ಪ್ರಾಣಿಯ ಜಾಡನ್ನು ಮಣ್ಣಿನಲ್ಲಿ ಓದಬಲ್ಲ ಒಂದು ಬುಡಕಟ್ಟಿನ ಪರಂಪರಾಗತ ವಿದ್ಯೆಯು ಹೀಗೆ ಇಡೀ ದೇಶದ ಪ್ರಾಣರಕ್ಷಣೆಗೆ ಆಧಾರವಾಗಿದೆ.

ಇದರ ಫಲವಾಗಿ ಗುರುತಿನ ಕ್ರಮವು ಮತ್ತೆ ಬದಲಾಯಿತು. ಇಂದಿನ ವೈದ್ಯನು ಸತ್ತ ಹಾವನ್ನು ತರಿರೆಂದು ಕೇಳುವುದಿಲ್ಲ. ಕಣ್ಣರೆಪ್ಪೆ ಜೋಲುತ್ತಿದೆಯೇ, ಉಸಿರಾಟಕ್ಕೆ ತೊಂದರೆಯಿದೆಯೇ, ಬಾವು ಏರುತ್ತಿದೆಯೇ, ಒಸಡಿನಿಂದ ರಕ್ತ ಬರುತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ರೋಗಿಯ ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾನೆ. ಹೆಪ್ಪುಗಟ್ಟದಿದ್ದರೆ ಮಂಡಲದ ವರ್ಗದ ವಿಷವೆಂಬ ಸೂಚನೆ. ಮೈಯ ಚಿಹ್ನೆಗಳಿಂದ ಹಾವಿನ ವರ್ಗವನ್ನು ಅರಿಯುವ ಈ ಕ್ರಮವು ರೀತಿಯಲ್ಲಿ ಸುಶ್ರುತನದನ್ನು ಹೋಲುವುದು. ಆಧಾರದಲ್ಲಿ ಮಾತ್ರ ಭಿನ್ನ. ಅಂದು ದೋಷಗಳ ಸಿದ್ಧಾಂತಕ್ಕೆ ಹೊಂದಿಸಿ ಹೇಳಿದುದನ್ನು ಇಂದು ನರ ಮತ್ತು ರಕ್ತಗಳ ಮೇಲೆ ವಿಷವು ನಡೆಸುವ ಕ್ರಿಯೆಯಿಂದ ಹೇಳುವರು. ಅಂದು ವಿಧಿಸಿದ ಕಟ್ಟುವುದು, ಕೊಯ್ಯುವುದು, ಹೀರುವುದು, ಸುಡುವುದು ಇವೆಲ್ಲವೂ ಹಾನಿಕರವೆಂದು ಈಗ ನಿಶ್ಚಿತವಾಗಿದೆ. ಕಡಿತವಾದ ಅಂಗವನ್ನು ಅಲುಗಿಸದೆ ರೋಗಿಯನ್ನು ಶೀಘ್ರವಾಗಿ ಆಸ್ಪತ್ರೆಗೆ ಸೇರಿಸುವುದೊಂದೇ ಮಾರ್ಗ.

ಆದರೆ ಒಂದೇ ಜಾತಿಯ ಹಾವಿನ ವಿಷವು ಕೂಡ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರುವುದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈಚಿನ ವರ್ಷಗಳಲ್ಲಿ ತೋರಿಸಿರುವರು. ಒಂದು ಕಡೆಯ ಹಾವಿನ ವಿಷದಿಂದ ಮಾಡಿದ ಮದ್ದು ಇನ್ನೊಂದು ಕಡೆಯ ಅದೇ ಹಾವಿನ ವಿಷಕ್ಕೆ ಸಮನಾಗಿ ಸಲ್ಲದಿರಬಹುದು. ಆದುದರಿಂದ ಜಾತಿಯ ಗುರುತಿನ ಜೊತೆಗೆ ಸ್ಥಳದ ಗುರುತೂ ಅವಶ್ಯಕವಾಗಿದೆ.

ಈ ಪ್ರಶ್ನೆಯ ಗುರುತ್ವವನ್ನು ಅಂಕೆಗಳೂ ಸಾರುವುವು. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಜನರು, ಮೃತರಾದರೆಂದು 2020ರಲ್ಲಿ ಪ್ರಕಟವಾದ ಸಂಶೋಧನೆಯು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿತು. ಅದೇ ವರ್ಷದ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು 2030ರ ವೇಳೆಗೆ ಈ ಮರಣಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು. ‘ಹುಳ ಮುಟ್ಟಿತು’ ಎಂಬ ಮಾತಿನೊಳಗೆ ಲೆಕ್ಕಕ್ಕೆ ಸಿಕ್ಕದೆ ಅಡಗಿಹೋಗುತ್ತಿದ್ದ ಕಡಿತಗಳು ಇನ್ನು ಮೇಲಾದರೂ ದಾಖಲೆಗೆ ಬರುವುವೆಂದು ಆಶಿಸಬಹುದು.

ಈ ಸೀಮೆಯ ಸ್ವರೂಪವೂ ಮಾರ್ಪಟ್ಟಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಆರಂಭವಾದ ಮೇಲೆ ರಾಗಿಯ ಹೊಲಗಳು ನಿವೇಶನಗಳಾದುವು. ಹುತ್ತಗಳಿದ್ದೆಡೆಯಲ್ಲಿ ಇಟ್ಟಿಗೆ ಜಲ್ಲಿಗಳ ರಾಶಿಗಳೆದ್ದುವು. ಕಸವಿದ್ದಲ್ಲಿ ಇಲಿಗಳು ಸೇರಿದುವು. ಇಲಿಗಳನ್ನು ಹುಡುಕಿ ಹಾವುಗಳು ಬಂದುವು. ಕಟ್ಟಡಗಳ ಕೆಲಸಕ್ಕೆಂದು ದೂರದಿಂದ ಬಂದು ತಗಡಿನ ಗುಡಿಸಲುಗಳಲ್ಲಿ ನೆಲದ ಮೇಲೆ ಮಲಗುವ ಕೂಲಿಕಾರರಿಗೆ ಇಲ್ಲಿಯ ಹಾವುಗಳ ಹೆಸರೂ ತಿಳಿಯದು, ಹತ್ತಿರದ ಆಸ್ಪತ್ರೆಯ ದಾರಿಯೂ ತಿಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಹಾವಾಡಿಸುವ ವೃತ್ತಿಯನ್ನು ನಿಲ್ಲಿಸಿದುದರಿಂದ, ತಪ್ಪುತಪ್ಪಾಗಿಯಾದರೂ ಜನರಿಗೆ ಹಾವುಗಳನ್ನು ತೋರಿಸುತ್ತಿದ್ದ ಒಂದು ಮಾರ್ಗವೂ ಮುಚ್ಚಿತು. ಅದರ ಸ್ಥಾನವನ್ನು ಶಾಲೆಯ ಪಾಠವು ಇನ್ನೂ ತುಂಬಿಲ್ಲ.

ಮೇಲಣ ಪರಿಶೀಲನೆಯಿಂದ ಒಂದು ಸಿದ್ಧಾಂತವು ಫಲಿಸುತ್ತದೆ. ಕಡಿತದ ಬಳಿಕ ಹಾವನ್ನು ಗುರುತಿಸುವ ಭಾರವು ಈಗ ವೈದ್ಯನದಾಗಿದೆ. ಅದಕ್ಕಾಗಿ ಯಾರೂ ಹಾವನ್ನು ಅಟ್ಟಿಸಬೇಕಾಗಿಲ್ಲ. ಕಡಿತಕ್ಕೆ ಮೊದಲು ಗುರುತಿಸುವ ಭಾರವು ಮಾತ್ರ ಊರಿನದಾಗಿಯೇ ಉಳಿದಿದೆ. ಯಾವ ಹಾವು ಯಾವ ಹೊತ್ತಿನಲ್ಲಿ ಎಲ್ಲಿರುವುದೆಂಬುದನ್ನು ತಿಳಿದು, ಕೊಯ್ಲಿಗೆ ಇಳಿಯುವಾಗ ಕಾಲಿಗೆ ಜೋಡು ಮೆಟ್ಟುವುದು, ಇರುಳಿನಲ್ಲಿ ದೀಪವಿಲ್ಲದೆ ಹೊರಡದಿರುವುದು, ನೆಲದ ಮೇಲೆ ಮಲಗದಿರುವುದು ಅಥವಾ ಮಲಗಿದರೆ ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸುವುದು, ಸೌದೆ ಇಟ್ಟಿಗೆಗಳನ್ನು ಮನೆಯ ಗೋಡೆಗೆ ಒತ್ತಿ ಪೇರಿಸದಿರುವುದು ಇವು ಆ ಗುರುತಿನ ಪ್ರಯೋಜನಗಳು. ಹೆಡೆಯುಳ್ಳ ಒಂದು ಹಾವನ್ನು ಕಲ್ಲಿನಲ್ಲಿ ಕಡೆದು ನೂರಾರು ವರ್ಷ ಮರೆಯದೆ ಉಳಿಸಿಕೊಂಡ ಈ ಸೀಮೆಯು, ಹೆಡೆಯಿಲ್ಲದ ಉಳಿದ ಮೂರನ್ನೂ ಅಷ್ಟೇ ಚೆನ್ನಾಗಿ ಅರಿಯಬೇಕಾಗಿದೆ. ಅವುಗಳಲ್ಲಿಯೂ ಇರುಳಿನಲ್ಲಿ ಚಾಪೆಯ ಬಳಿಗೆ ಬರುವ ಕಟ್ಟುಹಾವನ್ನು ಎಲ್ಲಕ್ಕಿಂತ ಮೊದಲು.